ಒಕ್ಕೊರಲಿನ ಇಂಗ್ಲಿಷು

ಕಮಲಾಕ್ಷಿಯ ಸ್ಪೀಕರಿಗೆ ಒಂದು ಅಂಗಿಯಿದೆ. ನಗುವ ಮೊದಲು ನಿಮ್ಮ ಮನೆಯ ಟಿವಿ, ಮಿಕ್ಸಿ, ಹೊಲಿಗೆ ಯಂತ್ರಗಳನ್ನು ಒಮ್ಮೆ ನೆನೆದುಕೊಳ್ಳಿ; ಬೆಲೆ ಕೊಟ್ಟು ತಂದ ಯಾವ ಯಂತ್ರವನ್ನೂ ನಾವು ಬರಿಮೈಯಲ್ಲಿ ನಿಲ್ಲಿಸಿದವರಲ್ಲ. ಇದು ಅಂಗೈ ಮೇಲೆ ಕೂರುವಷ್ಟು ಗುಂಡನೆಯ ಸ್ಪೀಕರು, ಹಾಸನದ ಅಂಗಡಿಯೊಂದರಲ್ಲಿ ಚೌಕಾಸಿ ಮಾಡಿ ತಂದದ್ದು. ಅದಕ್ಕೆ ಅವಳು ಹೂವಿನ ರವಿಕೆ ಕಣದಲ್ಲಿ ಅಂಗಿ ಹೊಲಿದು, ದನಿ ಹೊರಬರಲೆಂದು ಮುಂದೊಂದು ಕಿಟಕಿ ಬಿಟ್ಟು, ಕತ್ತಿನ ಬಳಿ ಲಾಡಿ ಕಟ್ಟಿ, ಆಯುಧಪೂಜೆಯಂದು ಹಚ್ಚಿದ ಕುಂಕುಮ ಅಳಿಯದಂತೆ ಕಾಪಾಡಿಕೊಂಡು ಬಂದಿದ್ದಾಳೆ. ಜಗತ್ತಿನ ಸಕಲ ವಿದ್ಯೆಗಳನ್ನೂ ಅರೆದು ಕುಡಿದಿದೆಯೆಂದು ಹೇಳಲಾಗುವ ಕೃತಕ ಬುದ್ಧಿಮತ್ತೆಯು ಅವಳ ಫೋನಿನಿಂದಿಳಿದು ಬಂದು ಮಾತನಾಡುವುದು ಈ ಹೂವಿನ ರವಿಕೆಯ ಒಳಗಿನಿಂದಲೇ.

ಕಮಲಾಕ್ಷಿ ಯಾರೆಂದು ಹೇಳಬೇಕಲ್ಲ. ಚನ್ನರಾಯಪಟ್ಟಣ ತಾಲೂಕಿನಲ್ಲಿ, ಬಾಗೂರಿನಿಂದ ಇನ್ನೂ ಒಳಕ್ಕೆ ಹೋಗಬೇಕಾದ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಅವಳು ಶಿಕ್ಷಕಿ. ಮುಖ್ಯ ಶಿಕ್ಷಕಿಯೂ ಅವಳೇ, ಗುಮಾಸ್ತೆಯೂ ಅವಳೇ, ಬಿಸಿಯೂಟದ ಸಾರಿಗೆ ಉಪ್ಪು ಸಾಲದಿದ್ದರೆ ಬೈಸಿಕೊಳ್ಳುವವಳೂ ಅವಳೇ. ಶಿಕ್ಷಕರ ತರಬೇತಿಯಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು. ವಯಸ್ಸಿನಲ್ಲಿ ಒಂದಿಷ್ಟು ಚಿಕ್ಕವಳಾದ್ದರಿಂದ ಅಂದಿನಿಂದ ಇಂದಿನವರೆಗೂ ನನ್ನನ್ನು ಅಕ್ಕಾ ಎನ್ನುತ್ತಾಳೆ. ನಾನು ಮುಂದೆ ಓದಿ, ಹೊಳೆನರಸೀಪುರದ ಸರ್ಕಾರಿ ಪ್ರೌಢಶಾಲೆಗೆ ಬಂದು ಇಂಗ್ಲಿಷ್ ಕಲಿಸುತ್ತಿದ್ದೇನೆ. ಹಾಗೆಂದು ಸರ್ಕಾರ ನಂಬಿದೆ, ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ. ಕಮಲಾಕ್ಷಿಯ ಪಾಲಿಗೆ ಇಂಗ್ಲಿಷ್ ಬಂದದ್ದು ಒಂದು ಸುತ್ತೋಲೆಯ ಮೂಲಕ. ಇನ್ನು ಮೇಲೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಎಂದು ಮೇಲಿನಿಂದ ಆದೇಶ ಬಂತು. ಕೆಲವು ದಿನಗಳ ತರಬೇತಿಯಾಯಿತು, ಚಿತ್ರಾನ್ನವಾಯಿತು, ಪ್ರಮಾಣಪತ್ರವೂ ಆಯಿತು, ಮರುವಾರ ಅವಳು ಇಂಗ್ಲಿಷ್ ಶಿಕ್ಷಕಿಯಾಗಿದ್ದಳು.

ಅವಳು ಪಾಠ ಮಾಡುವ ರೀತಿಯನ್ನು ನೀವು ರಸ್ತೆಯಲ್ಲಿ ನಿಂತೇ ಕೇಳಬಹುದು. ಅವಳು ಪುಸ್ತಕ ನೋಡಿ ದಿಸ್ ಈಸ್ ಎ ಕೌ ಎನ್ನುತ್ತಾಳೆ. ಮಕ್ಕಳೆಲ್ಲ ಒಟ್ಟಿಗೆ, ಒಂದೇ ರಾಗದಲ್ಲಿ, ಕೊನೆಯ ಅಕ್ಷರವನ್ನು ಸೂರಿನವರೆಗೆ ಎಳೆದು, "ಇದು ಒಂದು ಹಸುವಾಗಿದೆ" ಎನ್ನುತ್ತವೆ. ಆ ಊರಿನಲ್ಲಿ ಯಾವ ಹಸುವೂ ಇದುವರೆಗೆ ಒಂದು ಹಸುವಾಗಿದ್ದದ್ದಿಲ್ಲ. ಅದು ಗೌರಿಯೋ ಕೆಂದಿಯೋ, ಹಾಲು ಕೊಡದಿದ್ದರೆ ದರಿದ್ರವೋ ಆಗಿರುತ್ತದೆ. ಆದರೆ ಇಂಗ್ಲಿಷಿನ ಹಸುವಿಗೆ ಒಂದು ಮರ್ಯಾದೆ ಬೇಡವೇ? ಅದಕ್ಕಾಗಿ ಪುಸ್ತಕದ ಕನ್ನಡವನ್ನೇ ಇಸ್ತ್ರಿ ಮಾಡಿ ತೊಡಿಸುತ್ತೇವೆ. ಒಂದು ಸಾಲು ಇಂಗ್ಲಿಷ್ ಶಿಕ್ಷಕಿಯದು, ಅದರ ಅರ್ಥ ತರಗತಿಯದು. ಹೀಗೆ ದಿನವೂ ನಡೆಯುವ ಈ ಪೂಜೆಯಲ್ಲಿ ಮಕ್ಕಳ ಬಾಯಿಗೆ ಬರುವುದು ಸದಾ ಕನ್ನಡವೇ, ಅದೂ ಎಲ್ಲರ ಬಾಯಿಗೂ ಒಟ್ಟಿಗೆ.

ಕಮಲಾಕ್ಷಿಯೊಬ್ಬಳನ್ನೇ ಅಂದು ಪ್ರಯೋಜನವಿಲ್ಲ. ಅರಕಲಗೂಡಿನಲ್ಲೂ ಹೀಗೆಯೇ, ಶಾಂತಿಗ್ರಾಮದಲ್ಲೂ ಹೀಗೆಯೇ, ನನ್ನ ಪ್ರೌಢಶಾಲೆಯಲ್ಲೂ ರಾಗ ತುಸು ಕಡಿಮೆಯಾಗಿದೆಯೇ ಹೊರತು ಪದ್ಧತಿ ಇದೇ. ಒಕ್ಕೊರಲಿನ ದೊಡ್ಡ ಗುಣವೆಂದರೆ ಅದರಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ಗೊತ್ತಿರುವ ಮಗು ಗಟ್ಟಿಯಾಗಿ ಕೂಗುತ್ತದೆ, ಅರ್ಧ ಗೊತ್ತಿರುವುದು ಅರ್ಧ ಕ್ಷಣ ತಡವಾಗಿ ಕೂಗುತ್ತದೆ, ಏನೂ ಗೊತ್ತಿಲ್ಲದ್ದು ತುಟಿಯಾಡಿಸುತ್ತದೆ. ಬಾಗಿಲಲ್ಲಿ ನಿಂತ ಅಧಿಕಾರಿಯ ಕಿವಿಗೆ ಮೂವರೂ ಒಂದೇ. ಶಿಕ್ಷಕರೂ ಅಷ್ಟೇ. ನಮ್ಮನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಎಂದರೆ ಆ ಸಭಾಂಗಣದ ಹಿಂಬಾಗಿಲು ಎಲ್ಲಿದೆಯೆಂದು ನಾವು ಮೊದಲೇ ನೋಡಿಟ್ಟುಕೊಂಡಿರುತ್ತೇವೆ.

ಅಂಥ ನಮ್ಮನ್ನೆಲ್ಲ ಒಮ್ಮೆ ಹಾಸನಕ್ಕೆ ಕರೆಸಿದರು. ಇಂಗ್ಲಿಷ್ ಬೋಧನೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಯ ಬಗ್ಗೆ ಶಿಕ್ಷಕರ ಅಭಿಪ್ರಾಯ ಸಂಗ್ರಹಿಸಬೇಕಂತೆ. ನಾಲ್ಕು ತಾಲೂಕಿನ ಇಂಗ್ಲಿಷ್ ಶಿಕ್ಷಕರು ಒಂದೇ ಸಭಾಂಗಣದಲ್ಲಿ ಕೂತೆವು; ಕಮಲಾಕ್ಷಿ ನನ್ನ ಪಕ್ಕದ ಕುರ್ಚಿಯನ್ನು ಕರವಸ್ತ್ರ ಹಾಕಿ ಹಿಡಿದಿದ್ದಳು. ಬೆಂಗಳೂರಿನಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿ ತರುಣ, ಸಭ್ಯ, ನಮ್ಮನ್ನು ನಿಜವಾಗಿಯೂ ಗೌರವಿಸುವ ದುರಭ್ಯಾಸವಿದ್ದವನು. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿ, ಯಾರ ಹಂಗೂ ಇಲ್ಲದೆ ನಿಮ್ಮ ಸ್ವಂತ ಅಭಿಪ್ರಾಯ ಬರೆಯಿರಿ ಎಂದ. ನಾವು ಹಾಳೆಯನ್ನೊಮ್ಮೆ ಅವನನ್ನೊಮ್ಮೆ ನೋಡಿದೆವು. ಕೊನೆಗೆ ಅರಕಲಗೂಡಿನ ಹಿರಿಯ ಮೇಷ್ಟರೊಬ್ಬರು ಎದ್ದು, ಬಹಳ ವಿನಯದಿಂದ, "ಸಾ, ಯಾವ ಅಭಿಪ್ರಾಯ ಬರೀಬೇಕು ಅಂತ ಬೋರ್ಡ್ ಮೇಲೆ ಬರ್ದುಬುಟ್ರೆ ಅನುಕೂಲ ಆಗ್ತಿತ್ತು" ಎಂದರು.

ತರುಣ ತಮಾಷೆಯೆಂದು ನಕ್ಕ. ಬೇರೆ ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದ. ಹಾಗಲ್ಲ ಸರ್, ನಿಮ್ಮ ಮನಸ್ಸಿನಲ್ಲಿರುವುದು ಎಂದು ವಿವರಿಸಿದ. ನಮ್ಮ ಮನಸ್ಸಿನಲ್ಲಿದ್ದುದು ಅದೇ ಪ್ರಶ್ನೆಯಾಗಿತ್ತು. ಸರ್ಕಾರ ಇದರ ಪರವಾಗಿದೆಯೋ ವಿರೋಧವಾಗಿದೆಯೋ ತಿಳಿಯದೆ ಅಭಿಪ್ರಾಯವೊಂದನ್ನು ಹೊಂದುವುದು ನಮ್ಮ ಸೇವಾವಧಿಯಲ್ಲಿ ಎಂದೂ ಆಗಿರಲಿಲ್ಲ. ಪಾಪ, ಅವನು ಮಾದರಿಗೆಂದು ಬೋರ್ಡಿನ ಮೇಲೆ ಪರವಾಗಿ ನಾಲ್ಕು ಅಂಶ, ವಿರೋಧವಾಗಿ ನಾಲ್ಕು ಅಂಶ ಬರೆದ. ಸಭಾಂಗಣಕ್ಕೆ ಜೀವ ಬಂತು. ಎಲ್ಲರೂ ತಲೆ ತಗ್ಗಿಸಿ, ಮಕ್ಕಳು ಮಾಡಿದರೆ ಕಿವಿ ಹಿಂಡುವ ಶ್ರದ್ಧೆಯಿಂದ, ಬೋರ್ಡಿನಲ್ಲಿದ್ದುದನ್ನು ಹಾಳೆಗಿಳಿಸಿದೆವು. ಸ್ವಂತ ಅಭಿಪ್ರಾಯವೆಂದು ಕಾಣಲಿ ಎಂದು ಅಂಶಗಳ ಅನುಕ್ರಮವನ್ನಷ್ಟೇ ಹಿಂದುಮುಂದು ಮಾಡಿದೆವು.

ನಿಜವಾದ ಅಭಿಪ್ರಾಯಗಳು ಊಟದ ಹೊತ್ತಿನಲ್ಲಿ, ತಟ್ಟೆ ಹಿಡಿದು ಗೋಡೆಗೊರಗಿ ನಿಂತಾಗ ಹೊರಬಿದ್ದವು. ಹಾಸನ ಪಟ್ಟಣದ ಶಿಕ್ಷಕಿಯೊಬ್ಬರು ಇದರಿಂದ ಮಕ್ಕಳ ಸ್ವಂತಿಕೆಯೇ ಸತ್ತುಹೋಗುತ್ತದೆ ಎಂದು ಮರುಗಿದರು. ಅವರ ವರ್ಷದ ಪಾಠಯೋಜನೆಯನ್ನೆಲ್ಲ ಫೋನೇ ಬರೆದುಕೊಟ್ಟಿದೆಯೆಂದು ಅವರ ಜೊತೆಯವರೇ ನನಗೆ ಹೇಳಿದ್ದರು. ನಮ್ಮ ಹೊಳೆನರಸೀಪುರದವರು ವಾಡಿಕೆಯಂತೆ, ಇದು ಯಾರ ಕಡೆಯವರ ಯೋಜನೆ ಎಂದು ಮೊದಲು ವಿಚಾರಿಸಿಕೊಂಡರು. ಅರಕಲಗೂಡಿನವರಿಗೆ ಯಂತ್ರದ ಬುದ್ಧಿಯ ಬಗ್ಗೆ ತಕರಾರಿರಲಿಲ್ಲ; ತಮ್ಮ ಶಾಲೆಯ ಹೊಸ್ತಿಲೊಳಗೆ ಒಂದು ಗೆರೆ ನೆಟ್‌ವರ್ಕೂ ಬಾರದಿರುವಾಗ ಅದು ಯಾವ ದಾರಿಯಿಂದ ಒಳಗೆ ಬರುತ್ತದೆ ಎಂಬುದೊಂದೇ ಕುತೂಹಲ. ಇನ್ನೊಬ್ಬರು, ಮುಂದಿನ ವರ್ಷ ನಿವೃತ್ತರಾಗುವವರು, ಬರಲಿ ಬಿಡಿ ಎಂದು ಉದಾರವಾಗಿ ಹೇಳಿ ಮೊಸರನ್ನದ ಕಡೆ ನಡೆದರು. ನನ್ನ ಅಭಿಪ್ರಾಯವನ್ನೂ ಕೇಳಿಬಿಡಿ. ಈ ಯಂತ್ರ ತರಗತಿಗೆ ಬಂದರೆ ನನ್ನ ಉಚ್ಚಾರಣೆ ಮಕ್ಕಳಿಗೆ ತಿಳಿದುಹೋಗುತ್ತದಲ್ಲ ಎಂಬುದು ನನ್ನ ಚಿಂತೆ. ಬೋರ್ಡಿನ ಮೇಲಿನ ಎಂಟು ಅಂಶಗಳಲ್ಲಿ ಇದಿರಲಿಲ್ಲವಾದ್ದರಿಂದ ನಾನದನ್ನು ಬರೆಯಲಿಲ್ಲ.

ಮಧ್ಯಾಹ್ನ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಕೈಯೆತ್ತಿದವಳು ಕಮಲಾಕ್ಷಿಯೊಬ್ಬಳೇ. ಎದ್ದು ಸೆರಗು ಸರಿಮಾಡಿಕೊಂಡು, "ಸಾ, ಇದು ಬಂದ್ರೆ ಮಕ್ಕಳು ನಮ್ಮ ಶಾಲೇಲೇ ಉಳ್ಕೋತಾರಾ?" ಎಂದು ಕೇಳಿದಳು. ತರುಣ ಒಳ್ಳೆಯ ಪ್ರಶ್ನೆ ಮೇಡಂ ಎಂದ. ಆಮೇಲೆ, ಆದರೆ ಅದು ಇವತ್ತಿನ ವಿಷಯದ ವ್ಯಾಪ್ತಿಗೆ ಬರುವುದಿಲ್ಲ ಎಂದ. ಅವಳು ಥ್ಯಾಂಕ್ಯೂ ಸಾ ಎಂದು ಕೂತಳು.

ಅವಳ ಪಾಲಿಗೆ ವಿಷಯವಿದ್ದದ್ದು ಅದೊಂದೇ. ಶಾಲೆಯಲ್ಲಿ ಉಳಿದಿರುವುದು ಹದಿನಾಲ್ಕು ಮಕ್ಕಳು. ಮುಖ್ಯರಸ್ತೆಯವರೆಗೆ ಒಂದು ಕಾನ್ವೆಂಟಿನ ಹಳದಿ ವ್ಯಾನು ಬರುತ್ತದೆ. ಊರೊಳಗೆ ಬರುವುದಿಲ್ಲ, ಅಷ್ಟು ಮಕ್ಕಳು ಸಿಕ್ಕುವುದಿಲ್ಲವೆಂದು. ಊರಿನ ಗಾರೆ ಮೇಸ್ತ್ರಿ ರಾಜಣ್ಣ ತನ್ನ ಮಗಳು ಗೌತಮಿಯನ್ನು ಮುಂದಿನ ಜೂನಿನಿಂದ ಕಾನ್ವೆಂಟಿಗೆ ಹಾಕುವ ಯೋಚನೆಯಲ್ಲಿದ್ದಾನೆ ಎಂದು ಸುದ್ದಿ. ರಾಜಣ್ಣ ಮನೆ ಕಟ್ಟಿದರೆ ಉಳಿದವರಿಗೂ ಅದೇ ಬಣ್ಣ, ಬೈಕು ಕೊಂಡರೆ ಅದೇ ಬೈಕು ಎನ್ನುವಷ್ಟು ಆ ಊರಿಗೆ ಅವನ ಮೇಲೆ ಭರವಸೆ. ಅವನ ಮಗಳು ಹೊರಟರೆ ಇನ್ನೂ ಐದಾರು ಮನೆಯವರು ಹೊರಡುತ್ತಾರೆ, ವ್ಯಾನು ಊರೊಳಕ್ಕೆ ಬರುತ್ತದೆ, ವ್ಯಾನು ಬಾಗಿಲಿಗೇ ಬಂದ ಮೇಲೆ ಉಳಿದವರೂ ಹತ್ತುತ್ತಾರೆ. ಆಮೇಲೆ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸಿ ಬೀಗ ಹಾಕುವುದಕ್ಕೆ ಯಾರ ಅಭಿಪ್ರಾಯವನ್ನೂ ಸಂಗ್ರಹಿಸಬೇಕಾಗಿಲ್ಲ.

ಎಲ್ಲರೂ ಬಯಸುವುದು ಇಂಗ್ಲಿಷು. ಹಾಗಾದರೆ ಇಂಗ್ಲಿಷೇ ಖುದ್ದಾಗಿ ನಮ್ಮ ಶಾಲೆಗೆ ಬಂದಿದೆ ಎಂದು ತೋರಿಸಿಬಿಟ್ಟರೆ? ಸಭೆ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲೇ ಅವಳು ಅಂಗಡಿ ಹೊಕ್ಕು ಸ್ಪೀಕರು ಕೊಂಡಳು. ನೀನು ಇಂಗ್ಲಿಷ್ ಮೇಡಮ್ಮು, ಪೋಷಕರ ಸಭೆಗೆ ನೀನೂ ಬಂದು ಕೂರಬೇಕು ಕಣಕ್ಕ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಯಂತ್ರದ ಉಚ್ಚಾರಣೆಯ ಪಕ್ಕದಲ್ಲಿ ನನ್ನನ್ನು ಕೂರಿಸುವುದು ಎಷ್ಟು ಕ್ರೂರವೆಂದು ಅವಳಿಗೆ ಹೊಳೆಯಲಿಲ್ಲ.

ಸಭೆ ನಡೆದದ್ದು ಪರೀಕ್ಷೆಗಳಿಗೆ ಮುಂಚೆ, ಒಂದು ಶನಿವಾರದ ಬೆಳಿಗ್ಗೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಬಾಗೂರಿನಲ್ಲಿ ಇಳಿದು, ಆಟೋ ಹಿಡಿದು ನಾನು ತಲುಪುವ ಹೊತ್ತಿಗೆ ಮೇಜಿನ ಮೇಲೆ ಹೂವಿನ ಅಂಗಿಯ ಸ್ಪೀಕರು ಅಧ್ಯಕ್ಷರಂತೆ ಕುಳಿತಿತ್ತು. ನೆಟ್‌ವರ್ಕು ಸಿಕ್ಕುವುದು ಉತ್ತರದ ಕಿಟಕಿಯ ಎರಡನೆಯ ಸರಳಿನಲ್ಲಿ ಮಾತ್ರವಾದ್ದರಿಂದ ಫೋನನ್ನು ಅಲ್ಲಿ ಕಟ್ಟಲಾಗಿತ್ತು. ನೆಲದ ಮೇಲೆ ಮಕ್ಕಳು, ಗೋಡೆಗುಂಟ ಅಪ್ಪ ಅಮ್ಮಂದಿರು. ರಾಜಣ್ಣ ಬಾಗಿಲ ಬಳಿ ಕೈಕಟ್ಟಿ, ಗೋಡೆಯ ಗಾರೆಯನ್ನು ಸುಮ್ಮನೆ ಪರೀಕ್ಷಿಸುತ್ತ ನಿಂತಿದ್ದ. ಗೌತಮಿ ಮಧ್ಯದ ಸಾಲಿನಲ್ಲಿದ್ದಳು, ಜಡೆ ಮುಂದಕ್ಕೆ ಹಾಕಿಕೊಂಡು.

ಯಂತ್ರ ಬಾಯಿಬಿಟ್ಟಿತು. ಎಂಥ ದನಿ! ತಣ್ಣಗೆ, ನಯವಾಗಿ, ಎಲ್ಲೂ ಎಡವದೆ, ಗುಡ್ ಮಾರ್ನಿಂಗ್ ಚಿಲ್ಡ್ರನ್, ವಾಟ್ ಡು ಯು ಲೈಕ್ ಟು ಈಟ್ ಎಂದು ಕೇಳಿತು. ಪೋಷಕರ ಮುಖಗಳು ಅರಳಿದವು. ಕಮಲಾಕ್ಷಿ ಹೆಮ್ಮೆಯಿಂದ ಮಕ್ಕಳ ಕಡೆ ತಿರುಗಿ ಹೂಂ ಎಂದಳು. ಹದಿನಾಲ್ಕು ಮಕ್ಕಳೂ ಬೆನ್ನು ನೆಟ್ಟಗೆ ಮಾಡಿ, ಒಂದನೆಯ ತರಗತಿಯಿಂದ ಕಲಿತುಬಂದ ನಿಷ್ಠೆಯಿಂದ, ಒಂದೇ ರಾಗದಲ್ಲಿ, "ಶುಭೋದಯ ಮಕ್ಕಳೇ, ನೀವು ಏನನ್ನು ತಿನ್ನಲು ಇಷ್ಟಪಡುತ್ತೀರಿ" ಎಂದವು.

ಯಂತ್ರಕ್ಕೆ ಕನ್ನಡವೂ ಬರುತ್ತದೆ ಎಂಬುದನ್ನು ನಾವು ಮರೆತಿದ್ದೆವು. ತನ್ನನ್ನೇ ಕೇಳಿದರೆಂದು ತಿಳಿದು ಅದು ಬಹಳ ಸೌಜನ್ಯದಿಂದ, ತಾನು ಯಂತ್ರವಾದ್ದರಿಂದ ಆಹಾರ ಸೇವಿಸುವುದಿಲ್ಲವೆಂದೂ, ವಿಚಾರಿಸಿದ್ದಕ್ಕೆ ಧನ್ಯವಾದಗಳೆಂದೂ, ಪುಸ್ತಕದ ಕನ್ನಡದಲ್ಲಿ ಉತ್ತರಿಸಿತು. ಕಮಲಾಕ್ಷಿ ಕಿಟಕಿಗೆ ಓಡಿ ಇಂಗ್ಲಿಷಿನಲ್ಲೇ ಮಾತಾಡು ಎಂದು ಅದಕ್ಕೆ ತಾಕೀತು ಮಾಡಿದಳು. ಅದು ಕ್ಷಮೆ ಕೇಳಿ, ಪ್ಲೀಸ್ ಸ್ಪೀಕ್ ಒನ್ ಬೈ ಒನ್ ಎಂದಿತು. ಮಕ್ಕಳು ಹದಿನಾಲ್ಕೂ ಒಂದೇ ಉಸಿರಿನಲ್ಲಿ, "ದಯವಿಟ್ಟು ಒಬ್ಬೊಬ್ಬರಾಗಿ ಮಾತನಾಡಿರಿ" ಎಂದವು.

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ನಗು ಬಂದದ್ದು ನಿಜ, ಆದರೆ ಮಕ್ಕಳು ತಪ್ಪು ಮಾಡಿರಲಿಲ್ಲ. ಇಂಗ್ಲಿಷ್ ಕಿವಿಗೆ ಬಿದ್ದೊಡನೆ ಏನು ಮಾಡಬೇಕೆಂದು ನಾವು ಕಲಿಸಿದ್ದೆವೋ ಅದನ್ನು ಚಾಚೂ ತಪ್ಪದೆ ಮಾಡಿದ್ದವು. ಇಂಗ್ಲಿಷಿನಲ್ಲಿ ಯಾರಾದರೂ ನಿಮ್ಮನ್ನು ಏನಾದರೂ ಕೇಳಬಹುದು, ಅದಕ್ಕೆ ನೀವು ಉತ್ತರ ಹೇಳಬೇಕಾಗಬಹುದು ಎಂದು ಯಾರೂ ಅವಕ್ಕೆ ಹೇಳಿರಲಿಲ್ಲ.

ಪೋಷಕರಿಗೆ ಇದಾವುದೂ ಸಮಸ್ಯೆಯಾಗಿರಲಿಲ್ಲ. ಅದು ಕನ್ನಡ ಬಲ್ಲದೆಂದು ಗೊತ್ತಾದದ್ದೇ ತಡ, ಅಜ್ಜನೊಬ್ಬ ಮುಂದೆ ಬಂದು ತನ್ನ ತೆಂಗಿನ ಗರಿ ಒಣಗುತ್ತಿರುವುದಕ್ಕೆ ಮದ್ದು ಕೇಳಿದ. ಇನ್ನೊಬ್ಬಾಕೆ ಸೀಮೆಹಸುವಿನ ಕೆಚ್ಚಲು ಬಾವಿನ ವಿಷಯ ಎತ್ತಿದಳು. ಎಲ್ಲಕ್ಕೂ ಅದು ಸಂಕೋಚವಿಲ್ಲದೆ ಉತ್ತರ ಕೊಡುತ್ತಿತ್ತು. ಇಂಗ್ಲಿಷ್ ಬೋಧನೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಕೆಚ್ಚಲಿನವರೆಗೆ ಬಂದು ನಿಂತಿದ್ದನ್ನು ಕಮಲಾಕ್ಷಿ ಕಂಗಾಲಾಗಿ ನೋಡುತ್ತಿದ್ದಳು.

ಆಗ ರಾಜಣ್ಣ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದ. ತನ್ನ ಮಗಳ ಹೆಸರು ಗೌತಮಿ ಎಂದು ಸ್ಪೀಕರಿಗೆ ಪರಿಚಯಿಸಿ, ಅವಳಿಗೆ ಇಂಗ್ಲಿಷ್ ಮಾತಾಡಲು ಬರುತ್ತದೆಯೇ ಎಂದು ಕೇಳಿದ. ಖಂಡಿತವಾಗಿಯೂ, ನಿಯಮಿತ ಅಭ್ಯಾಸವಿದ್ದರೆ ಗೌತಮಿ ಅತ್ಯುತ್ತಮವಾಗಿ ಮಾತನಾಡಬಲ್ಲಳು ಎಂದಿತು ಅದು. ರಾಜಣ್ಣ ಆ ಹೂವಿನ ಅಂಗಿಯನ್ನೇ ನೋಡಿದ.

"ಅವ್ಳ ಮಕಾನೇ ಕಂಡಿಲ್ಲ, ಅದೆಂಗೆ ಏಳ್ಬುಡ್ತು?" ಎಂದವನು ಕಮಲಾಕ್ಷಿಯ ಕಡೆ ತಿರುಗಿದ. "ನೀವು ಏಳಿ ಮೇಡಂ. ಒಂದ್ನೇ ಕ್ಲಾಸಿಂದ ನೋಡಿದ್ದೀರಿ. ಬತ್ತದಾ?"

ಬರುತ್ತದೆ ಎಂದುಬಿಡು ಮಾರಾಯಿತಿ ಎಂದು ನಾನು ಒಳಗೊಳಗೇ ಹಾರೈಸಿದೆ. ಇಷ್ಟು ವರ್ಷಗಳ ಸೇವೆಯಲ್ಲಿ ಎಷ್ಟು ಅಧಿಕಾರಿಗಳ ಮುಂದೆ ಎಷ್ಟು ಸಲ ಬರುತ್ತದೆ ಎಂದಿಲ್ಲ ನಾವು! ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

"ಗೊತ್ತಿಲ್ಲ ರಾಜಣ್ಣ" ಎಂದಳು. "ಅವಳೊಬ್ಬಳನ್ನೇ ನಾನು ಯಾವತ್ತೂ ಮಾತಾಡ್ಸಿ ನೋಡಿಲ್ಲ."

ಗೋಡೆಗುಂಟ ಗುಜುಗುಜು ಎದ್ದಿತು. ಅವಳು ಗೌತಮಿಯನ್ನು ಎಬ್ಬಿಸಿ ನಿಲ್ಲಿಸಿದಳು. ತನ್ನದೇ ಗಂಟಲಿನಲ್ಲಿ, ನಮ್ಮ ಚನ್ನರಾಯಪಟ್ಟಣದ ಇಂಗ್ಲಿಷಿನಲ್ಲಿ, ಗೌತಮಿ, ವಾಟ್ ಡು ಯು ಲೈಕ್ ಎಂದು ಕೇಳಿದಳು. ಉಳಿದ ಮಕ್ಕಳು ಅರ್ಥ ಹೇಳಲು ಬಾಯಿ ತೆರೆದವು, ಬೆರಳೆತ್ತಿ ತಡೆದಳು. ಗೌತಮಿ ಜಡೆಯ ತುದಿ ಹಿಡಿದು ನಿಂತಳು. ತುಟಿ ಆಡುತ್ತಿತ್ತು, ಆದರೆ ಸುತ್ತ ಯಾರೂ ಕೂಗುತ್ತಿರಲಿಲ್ಲವಾದ್ದರಿಂದ ಬರಿಯ ತುಟಿ ಎಲ್ಲರಿಗೂ ಕಾಣುತ್ತಿತ್ತು. ಮೌನವನ್ನು ತಾಳಲಾರದ ಯಂತ್ರ ಆರ್ ಯು ಸ್ಟಿಲ್ ದೇರ್ ಎಂದು ಕೇಳಿತು. ಕಮಲಾಕ್ಷಿ ಹೋಗಿ ಅದನ್ನು ಆರಿಸಿ ಬಂದು, ಮತ್ತೆ ಗೌತಮಿಯ ಮುಂದೆ ನಿಂತಳು. ಸುಮ್ಮನೆ ನಿಂತಳು. ಬೋಧನೆಯ ಬಗ್ಗೆ ನಾನು ಕೇಳಿದ ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಆದರೆ ಒಬ್ಬ ಶಿಕ್ಷಕಿ ಒಂದು ಮಗುವಿನ ಮಾತಿಗಾಗಿ ಅಷ್ಟು ಹೊತ್ತು ಕಾದದ್ದನ್ನು ನಾನು ನೋಡಿದ್ದು ಅಂದೇ.

"ಐ ಲೈಕ್ ದಿಸ್ ಸ್ಕೂಲ್" ಎಂದಳು ಗೌತಮಿ. ಆಮೇಲೆ ಅಪ್ಪನ ಕಡೆ ನೋಡದೆ, "ಐ ನಾಟ್ ಗೋ ವ್ಯಾನ್" ಎಂದಳು.

ಇನ್ನು ತಡೆಯುವವರು ಯಾರು? ಹದಿಮೂರು ಮಕ್ಕಳು ಸೂರು ಹಾರುವಂತೆ, "ನಾನು ಈ ಶಾಲೆಯನ್ನು ಇಷ್ಟಪಡುತ್ತೇನೆ, ನಾನು ವ್ಯಾನಿನಲ್ಲಿ ಹೋಗುವುದಿಲ್ಲ" ಎಂದು ರಾಜಣ್ಣನಿಗೆ ಅರ್ಥ ಹೇಳಿದವು.

ಕಮಲಾಕ್ಷಿಯ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಗೆದ್ದೆವು ಎಂದುಕೊಂಡೆ. ರಾಜಣ್ಣ ಮಗಳ ತಲೆಯ ಮೇಲೆ ಕೈಯಿಟ್ಟ. ಅವನ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆಯಲಾರೆ. ಕಮಲಾಕ್ಷಿಗೆ ಎರಡೂ ಕೈ ಮುಗಿದ.

"ಓದ್ ವರ್ಸ ಕಾನ್ವೆಂಟಲ್ಲಿ ಮಾತಾಡ್ಸುದ್ರೆ ಬಾಯೇ ಬುಡ್ನಿಲ್ಲ ಮೇಡಂ, ಅದಕ್ಕೇ ಸೇರುಸ್ಕಳ್ನಿಲ್ಲ" ಎಂದ. "ಈಗ ನೋಡಿ, ಇಷ್ಟ್ ಜನದ್ ಮುಂದೆ ಇಂಗ್ಲಿಷ್ ಮಾತಾಡ್ಬುಟ್ಲು. ಈ ಸಾರಿ ಸೇರುಸ್ಕತ್ತಾರೆ ಬುಡಿ. ಎಲ್ಲಾ ನಿಮ್ ದಯ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಹುಡುಗಿ ಏನೆಂದಳು ಅಂತ ಕೇಳಿಸಿತೇನಯ್ಯ ಎಂದು ಕಿರುಚಬೇಕೆನಿಸಿತು. ಕೇಳಿಸಿತ್ತು, ಅರ್ಥವೂ ಆಗಿತ್ತು. ಕನ್ನಡದಲ್ಲೇ ಹದಿಮೂರು ಬಾಯಿಂದ ಹೇಳಿಸಿಕೊಂಡಿದ್ದ. ಆದರೆ ಮಗಳು ಹೇಳಿದ್ದೇನು ಎನ್ನುವುದಕ್ಕಿಂತ ಇಂಗ್ಲಿಷಿನಲ್ಲಿ ಹೇಳಿದಳು ಎನ್ನುವುದೇ ಅವನಿಗೆ ದೊಡ್ಡದಾಗಿತ್ತು. ಅವನನ್ನೊಬ್ಬನನ್ನೇ ಬೈದು ಏನು ಮಾಡಲಿ? ಜಿಲ್ಲೆಯುದ್ದಕ್ಕೂ ನಾವು ಇಂಗ್ಲಿಷನ್ನು ಕೇಳಿಸಿಕೊಳ್ಳುವುದು ಹೀಗೆಯೇ. ಕಮಲಾಕ್ಷಿ ಮಾತ್ರ, ಆಗಲಿ ರಾಜಣ್ಣ, ಒಳ್ಳೆದಾಗ್ಲಿ ಎಂದು ಕೈಮುಗಿದಳು.

ಜೂನಿನಲ್ಲಿ ವ್ಯಾನು ಊರೊಳಕ್ಕೆ ಬಂತು. ಗೌತಮಿಯೊಂದಿಗೆ ಇನ್ನೂ ಮೂವರು ಹತ್ತಿದರು. ಆಮೇಲೊಮ್ಮೆ ನಾನು ಆ ಕಡೆ ಹೋದಾಗ ಶಾಲೆಯಿಂದ ಆ ಹಳೆಯ ರಾಗ ಕೇಳಿಸಲಿಲ್ಲ. ಹತ್ತಿರ ಹೋದರೆ ಒಳಗೆ ಒಂದೇ ಒಂದು ಎಳೆಯ ದನಿ ತಡವರಿಸುತ್ತಿತ್ತು. ಉಳಿದವರನ್ನು ಕಮಲಾಕ್ಷಿ ಈಗ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಇಂಗ್ಲಿಷಿನಲ್ಲಿ ಮಾತನಾಡಿಸುತ್ತಾಳೆ, ಬಾಯಿ ಬಿಡುವವರೆಗೂ ಎದುರು ನಿಂತು ಕಾಯುತ್ತಾಳೆ. ಮಾತು ಬಂದ ಮಗುವನ್ನು ವ್ಯಾನು ಕೊಂಡೊಯ್ಯುತ್ತದೆ, ಕೊನೆಯದಕ್ಕೂ ಮಾತು ಬಂದ ದಿನ ಶಾಲೆಗೆ ಬೀಗ ಬೀಳುತ್ತದೆ ಎಂದು ನಾನೇ ಅವಳಿಗೆ ಹೇಳಿದೆ. "ಗೊತ್ತು ಕಣಕ್ಕ" ಎಂದು ಮುಂದಿನ ಮಗುವಿನ ಹೆಸರು ಕೂಗಿದಳು.